ಹಳ್ಳಿ ನಾಟಕದ ಪುಸ್ತಕ: ಆಡುವವರು ಅನೇಕ, ಕೊಳ್ಳುವವನೊಬ್ಬ

ರಾಯಚೂರು: ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಟಕದ ತಾಲೀಮಿಗೆ ಚಾಲನೆ ದೊರೆಯುತ್ತದೆ. ಊರಿನ ಯುವಕರು ಪಟ್ಟಿ ಎತ್ತಿ ಹಣ ಕೂಡಿಸುತ್ತಾರೆ. ಪೇಟಿ ಮಾಸ್ತರರು ಗೊತ್ತಾಗುತ್ತಾರೆ, ಸೀನರಿಗೆ ಮುಂಗಡ ಹೋಗುತ್ತದೆ, ಸ್ತ್ರೀ ಪಾತ್ರಧಾರಿಗಳನ್ನು ಪರಸ್ಥಳದಿಂದ ಕರೆಸುವ ಮಾತುಕತೆ ನಡೆಯುತ್ತದೆ. ಇವೆಲ್ಲಕ್ಕೂ ಮೊದಲು ನಡೆಯುವ ಇನ್ನೊಂದು ವ್ಯವಹಾರವಿದೆ. ಯಾರಾದರೊಬ್ಬರು ನಗರಕ್ಕೆ ಹೋಗಿ ಪುಸ್ತಕದ ಅಂಗಡಿಯಲ್ಲಿ ತೆಳುವಾದ ಒಂದು ನಾಟಕದ ಪುಸ್ತಕ ಕೊಂಡು ತರುತ್ತಾರೆ.

ಆ ರಾತ್ರಿಯ ಖರ್ಚಿನ ಪಟ್ಟಿಯಲ್ಲಿ ಅತಿ ಚಿಕ್ಕ ಮೊತ್ತ ಅದೇ. ಧ್ವನಿವರ್ಧಕ, ದೀಪ, ಪರದೆ, ಬಣ್ಣ, ವಾದ್ಯ, ಊಟ, ಪ್ರಯಾಣ ಎಲ್ಲಕ್ಕೂ ಸಾವಿರಗಳ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ. ಇಷ್ಟೆಲ್ಲಕ್ಕೂ ಕಾರಣವಾದ ಕೃತಿಗೆ ಸಲ್ಲುವುದು ಒಂದೆರಡು ಪ್ರತಿಗಳ ಮುದ್ರಿತ ಬೆಲೆ ಮಾತ್ರ. ಅದರಲ್ಲಿ ಬರೆದವರಿಗೆ ತಲುಪುವ ಪಾಲು ಇನ್ನೂ ಕಡಿಮೆ. ಈ ಅಸಮತೋಲನ ಯಾರೊಬ್ಬರ ದುರಾಸೆಯಿಂದ ಹುಟ್ಟಿದ್ದಲ್ಲ. ಈ ಬಗೆಯ ಪುಸ್ತಕದ ಸ್ವರೂಪದಲ್ಲಿಯೇ ಅದರ ಮೂಲವಿದೆ.

ಗದಗಿನಿಂದ ಬಂದ ಪುಸ್ತಕ

ರಾಯಚೂರು ಜಿಲ್ಲೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ ಭಾಷೆ ಉರ್ದುವಾಗಿದ್ದ ಆ ಕಾಲದಲ್ಲಿ ಕನ್ನಡ ಮುದ್ರಣಕ್ಕೆ ಇಲ್ಲಿ ಸಿಕ್ಕ ಆಸರೆ ಅಲ್ಪ. ಹಾಡು, ಕಥೆ, ಬಯಲಾಟದ ಪ್ರಸಂಗಗಳು ಬಹುಮಟ್ಟಿಗೆ ಕೈಬರಹದ ಪುಸ್ತಕಗಳಲ್ಲಿ ಮತ್ತು ಬಾಯಿಪಾಠದಲ್ಲಿ ಉಳಿದವು. ಮಾನ್ವಿಯ ಜಗನ್ನಾಥದಾಸರ ಹಾಗೂ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರ ಪದಗಳು ಭಜನಾ ಮಂಡಳಿಗಳಲ್ಲಿ ಹರಡಿದ್ದೂ ಹೀಗೆಯೇ. ಒಬ್ಬರ ಬಳಿ ಪುಸ್ತಕ, ಹತ್ತು ಮಂದಿಯ ಬಾಯಲ್ಲಿ ಹಾಡು.

ವೃತ್ತಿ ರಂಗಭೂಮಿಯ ಕಂಪನಿಗಳು ಊರೂರು ತಿರುಗಿ ಕ್ಯಾಂಪು ಹಾಕತೊಡಗಿದ ಮೇಲೆ ಹಳ್ಳಿಗರಿಗೆ ಪರದೆಯ ನಾಟಕದ ರುಚಿ ಹತ್ತಿತು. ಕಂಪನಿ ನಾಟಕವನ್ನು ನೋಡಿದವರು ಅದನ್ನು ತಾವೂ ಆಡಬೇಕೆಂದು ಬಯಸಿದರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂತಹ ಪೌರಾಣಿಕ ನಾಟಕಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮತ್ತೆ ಮತ್ತೆ ರಂಗವೇರಿದವು. ಬಳಿಕ ಸಾಮಾಜಿಕ ನಾಟಕಗಳ ಕಾಲ ಬಂದಿತು. ಗದಗಿನ ಪಿ.ಸಿ. ಶಾಬಾದಿಮಠ ಬುಕ್ ಡಿಪೋದಂತಹ ಪ್ರಕಾಶನ ಸಂಸ್ಥೆಗಳು ಹವ್ಯಾಸಿ ತಂಡಗಳಿಗೆಂದೇ ನಾಟಕಗಳನ್ನು ಅಚ್ಚು ಹಾಕಿ ಅಗ್ಗದ ಬೆಲೆಗೆ ಒದಗಿಸಿದವು. ಹಳ್ಳಿಯ ರಂಗಕ್ಕೆ ಮುದ್ರಿತ ಪಠ್ಯ ದೊರೆತದ್ದು ಬಹುಪಾಲು ಈ ಮಾರ್ಗದಿಂದ.

ಬೆಲೆಯೇ ಬರೆಸಿದ ನಾಟಕ

ಇಂತಹ ಪುಸ್ತಕವನ್ನು ಓದುಗನಿಗಾಗಿ ಬರೆಯುವುದಿಲ್ಲ, ಆಡುವ ತಂಡಕ್ಕಾಗಿ ಬರೆಯುತ್ತಾರೆ. ತಂಡದ ಜೇಬಿನ ಲೆಕ್ಕ ನಾಟಕದ ರಚನೆಯಲ್ಲಿಯೇ ಕಾಣಿಸುತ್ತದೆ. ಸ್ತ್ರೀ ಪಾತ್ರಗಳು ಎರಡೋ ಮೂರೋ ಇದ್ದರೆ ಸಾಕು. ಅವರಿಗೆ ಸಂಭಾವನೆ ಕೊಟ್ಟು ಕರೆಸಬೇಕಾಗುತ್ತದೆ. ಪುರುಷ ಪಾತ್ರಗಳು ಮಾತ್ರ ಧಾರಾಳವಾಗಿರಬೇಕು. ಪಾತ್ರ ಪಡೆದವರೇ ಪಟ್ಟಿಯಲ್ಲಿ ಹೆಚ್ಚು ಹಣ ಹಾಕುವವರಾದ್ದರಿಂದ ಪಾತ್ರಗಳು ಕಡಿಮೆಯಾದರೆ ವಂತಿಗೆಯೂ ಕಡಿಮೆಯಾಗುತ್ತದೆ. ಹಾಸ್ಯಕ್ಕೊಂದು ಜೋಡಿ, ಊರ ಗೌಡನ ದರ್ಪ, ತಾಯಿಯ ಕಣ್ಣೀರು, ತಂಗಿಯ ತಾಳಿ ಇರಲೇಬೇಕು. ದೃಶ್ಯಗಳು ಬಾಡಿಗೆ ಸೀನರಿಯಲ್ಲಿ ಸಾಮಾನ್ಯವಾಗಿ ದೊರೆಯುವ ಬೀದಿ, ಮನೆ, ಕಾಡಿನ ಪರದೆಗಳಿಗೆ ಹೊಂದಬೇಕು.

ಈ ನಿಯಮಗಳನ್ನು ಬಲ್ಲವನೇ ಯಶಸ್ವಿ ನಾಟಕಕಾರ. ಅನೇಕ ಬಾರಿ ಆತನೇ ನಾಟಕದ ಮಾಸ್ತರನೂ ಆಗಿರುತ್ತಾನೆ. ವಾರಗಟ್ಟಲೆ ಊರಲ್ಲಿದ್ದು ಮಾತು ಕಲಿಸಿ, ಹಾಡು ಹೇಳಿಕೊಟ್ಟು ಸಂಭಾವನೆ ಪಡೆಯುತ್ತಾನೆ. ಇಂಥವರಿಗೆ ಪುಸ್ತಕ ಆದಾಯದ ಮೂಲ ಎನ್ನುವುದಕ್ಕಿಂತ ಪರಿಚಯ ಪತ್ರ ಎನ್ನುವುದೇ ಸರಿ. ಕಲಿಸುವ ಕೆಲಸ ಬಿಟ್ಟು ಬರವಣಿಗೆಯನ್ನಷ್ಟೇ ನಂಬಿದವರ ಪಾಡು ಬೇರೆ.

ಒಂದು ಲೆಕ್ಕ

ಪ್ರಕಾಶಕರ ಕಷ್ಟವನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. 96 ಪುಟಗಳ ನಾಟಕವೊಂದರ 1,000 ಪ್ರತಿಗಳಿಗೆ ಕಾಗದ, ಅಚ್ಚು, ರಕ್ಷಾಪುಟ, ಹೊಲಿಗೆ ಎಲ್ಲ ಸೇರಿ 25,000 ರೂಪಾಯಿ ವೆಚ್ಚವಾಯಿತು ಎಂದಿಟ್ಟುಕೊಳ್ಳೋಣ. ಮುದ್ರಿತ ಬೆಲೆ 80 ರೂಪಾಯಿ. ಮಾರಾಟಗಾರರಿಗೆ ಶೇ 40ರಷ್ಟು ರಿಯಾಯಿತಿ ಕೊಟ್ಟರೆ ಪ್ರಕಾಶಕರ ಕೈಗೆ ಬರುವುದು ಪ್ರತಿಗೆ 48 ರೂಪಾಯಿ. ಹೂಡಿದ ಹಣ ಮರಳಿ ಬರಬೇಕಾದರೆ 521 ಪ್ರತಿಗಳು ಮಾರಾಟವಾಗಬೇಕು. ಲೇಖಕರಿಗೆ ಶೇ 10ರ ಗೌರವಧನ, ಅಂದರೆ ಪ್ರತಿಗೆ 8 ರೂಪಾಯಿ ಕೊಡುವುದಾದರೆ ಈ ಸಂಖ್ಯೆ 625ಕ್ಕೆ ಏರುತ್ತದೆ.

ಕಾದಂಬರಿಗೆ 625 ಓದುಗರು ಸಿಕ್ಕರೆ ಸಾಕು. ನಾಟಕಕ್ಕೆ ಹಾಗಲ್ಲ. ತಂಡವೊಂದು ಎರಡು ಪ್ರತಿ ಕೊಳ್ಳುವುದಾದರೆ ಈ ಗುರಿ ಮುಟ್ಟಲು 313 ತಂಡಗಳು ಅದೇ ನಾಟಕವನ್ನು ಆರಿಸಬೇಕು. ಹದಿನೈದು ಪಾತ್ರಧಾರಿಗಳಿದ್ದರೂ ಹದಿನೈದು ಪುಸ್ತಕಗಳು ಮಾರಾಟವಾಗುವುದಿಲ್ಲ. ಮೊದಲು ಪಾತ್ರದ ಮಾತುಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಜೆರಾಕ್ಸ್ ಬಂದಿತು. ಈಗ ಮೊಬೈಲ್‌ನಲ್ಲಿ ಪುಟಗಳ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು. ಸಾವಿರ ಪ್ರತಿಗಳೂ ಖರ್ಚಾದರೆ ಗೌರವಧನವಾಗಿ ಲೇಖಕರಿಗೆ ಸೇರುವುದು ಒಟ್ಟು 8,000 ರೂಪಾಯಿ, ಅದೂ ಹಲವು ವರ್ಷಗಳ ಅವಧಿಯಲ್ಲಿ. ಆದ್ದರಿಂದಲೇ ಒಂದು ಸಣ್ಣ ಮೊತ್ತವನ್ನು ಒಮ್ಮೆಗೇ ಪಡೆದು ಹಸ್ತಪ್ರತಿಯನ್ನು ಬಿಟ್ಟುಕೊಡುವುದು ಅನೇಕರಿಗೆ ಲೇಸೆನಿಸುತ್ತದೆ.

ಉಳಿದ ದಾರಿಗಳೂ ಕಿರಿದಾಗಿವೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಅದೇ ಕಾರಣಕ್ಕೆ ಕಾಗದದ ಮೇಲೆ ತೆತ್ತ ತೆರಿಗೆಯನ್ನು ಪ್ರಕಾಶಕರು ಮರಳಿ ಪಡೆಯುವಂತಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ದರ ಪುಟಗಳ ಲೆಕ್ಕದಲ್ಲಿ ನಿಗದಿಯಾಗುವುದರಿಂದ ತೆಳು ಪುಸ್ತಕಕ್ಕೆ ಬರುವ ಮೊತ್ತ ಕಡಿಮೆ. ಅಂಚೆ ಇಲಾಖೆಯ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಂದು ಆರಂಭವಾದ ಜ್ಞಾನ ಪೋಸ್ಟ್ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ ಎಂದು ಗೊತ್ತುಪಡಿಸಲಾಯಿತು. 80 ರೂಪಾಯಿಯ ಪುಸ್ತಕಕ್ಕೆ ಇದು ಬೆಲೆಯ ಕಾಲುಭಾಗ. ಬೇಡಿಕೆಗೆ ತಕ್ಕಂತೆ ನೂರು ಪ್ರತಿ ಮಾತ್ರ ಅಚ್ಚು ಹಾಕುವ ಡಿಜಿಟಲ್ ಮುದ್ರಣ ಗೋದಾಮಿನ ಹೊರೆಯನ್ನು ಇಳಿಸಿದೆ ನಿಜ. ಆದರೆ ಪ್ರತಿಯೊಂದರ ವೆಚ್ಚ ಹೆಚ್ಚಾಗುವುದರಿಂದ ಅಂಗಡಿಯವರಿಗೆ ರಿಯಾಯಿತಿ ಕೊಡಲು ಏನೂ ಉಳಿಯುವುದಿಲ್ಲ.

ಅಮೆರಿಕದಲ್ಲೂ ಇದೇ ಕಥೆ

ಅನೇಕರು ಬಳಸಿ ಒಬ್ಬನೇ ಕೊಳ್ಳುವ ಪುಸ್ತಕದ ಸಮಸ್ಯೆ ಹಳ್ಳಿ ರಂಗಭೂಮಿಗೆ ಸೀಮಿತವಲ್ಲ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟ ಇದಕ್ಕೆ ನಿದರ್ಶನ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬಾತ ಸೂತ್ರಧಾರನಾಗಿ ಕಥೆ ನಡೆಸುತ್ತಾನೆ. ಆತನಿಗೆ ನೆರವಾಗಲೆಂದು ಸಿದ್ಧ ಸಾಹಸ ಕಥೆಗಳ ಕಿರುಪುಸ್ತಕಗಳು ಬಂದವು. ಆಟವನ್ನು ಹೊರತಂದ ಟಿಎಸ್‌ಆರ್ ಸಂಸ್ಥೆಯೇ 1978ರಿಂದ ಇಂತಹವುಗಳನ್ನು ಬಿಡಿಯಾಗಿ ಮಾರತೊಡಗಿತು.

ನಿಯಮಗಳ ಪುಸ್ತಕ ಪ್ರತಿ ಆಟಗಾರನಿಗೂ ಬೇಕಾಗಬಹುದು. ಸಾಹಸ ಕಥೆಯ ಪುಸ್ತಕ ಸೂತ್ರಧಾರನಿಗೆ ಮಾತ್ರ ಬೇಕು. ಉಳಿದವರು ಓದಿದರೆ ಆಟದ ಕುತೂಹಲವೇ ಕೆಡುತ್ತದೆ. ಒಮ್ಮೆ ಆಡಿದ ಮೇಲೆ ಅದೇ ಗುಂಪಿಗೆ ಅದು ಮತ್ತೆ ಬೇಡ. ಆದ್ದರಿಂದ ಈ ಕಿರುಪುಸ್ತಕಗಳ ಮಾರುಕಟ್ಟೆ ಮೊದಲಿನಿಂದಲೂ ಚಿಕ್ಕದು. 2016ರಲ್ಲಿ ಆರಂಭವಾದ ‘ಡಿಎಂಸ್ ಗಿಲ್ಡ್’ ಎಂಬ ಅಂತರ್ಜಾಲ ಮಳಿಗೆಯಲ್ಲಿ ಹವ್ಯಾಸಿಗಳೂ ತಾವು ಬರೆದದ್ದನ್ನು ಕಡತ ರೂಪದಲ್ಲಿ ಮಾರಬಹುದು. ಮಾರಾಟದ ಶೇ 50ರಷ್ಟು ಲೇಖಕರಿಗೆ ಸಲ್ಲುತ್ತದೆ, ಆದರೆ ಆ ಕೃತಿಯನ್ನು ಬೇರೆಡೆ ಮಾರುವಂತಿಲ್ಲ. ಮುದ್ರಣದ ಹಣ ಮುಳುಗುವ ಭಯ ಅಲ್ಲಿಲ್ಲ. ಕೊಳ್ಳುವವನೊಬ್ಬನೇ ಎಂಬ ಮಿತಿ ಮಾತ್ರ ಹಾಗೆಯೇ ಉಳಿದಿದೆ.

ನಾಟಕದ ಜಗತ್ತು ಇದಕ್ಕೆ ಇನ್ನೊಂದು ಪರಿಹಾರ ಕಂಡುಕೊಂಡಿತ್ತು. ನ್ಯೂಯಾರ್ಕ್‌ನ ಸ್ಯಾಮ್ಯುಯೆಲ್ ಫ್ರೆಂಚ್ ಸಂಸ್ಥೆ ನಾಟಕದ ಪುಸ್ತಕಗಳನ್ನು ಮಾರುವುದರ ಜೊತೆಗೆ ಪ್ರತಿ ಪ್ರದರ್ಶನಕ್ಕೂ ಪರವಾನಗಿ ಶುಲ್ಕ ಪಡೆಯುವ ಪದ್ಧತಿಯನ್ನು ಬೆಳೆಸಿತು. ಪುಸ್ತಕ ಅಗ್ಗವಾಗಿದ್ದರೂ ಆಟಕ್ಕೆ ಸಂದ ಹಣ ನಾಟಕಕಾರನನ್ನು ಪೋಷಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಕನ್ನಡದ ಹಳ್ಳಿ ನಾಟಕಗಳ ಮೊದಲ ಪುಟದಲ್ಲಿಯೂ ‘ಪ್ರದರ್ಶನಕ್ಕೆ ಲೇಖಕರ ಅನುಮತಿ ಅಗತ್ಯ’ ಎಂಬ ಸಾಲು ಕಾಣಸಿಗುತ್ತದೆ. ಜಾತ್ರೆಯ ರಾತ್ರಿಯ ಮಟ್ಟಿಗೆ ಈ ಸಾಲಿನ ಬಲ ಸೀಮಿತ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಲ್) ಕಲಮಿನ ಪ್ರಕಾರ, ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರಿಗೆ ತೋರಿಸುವ ಅಥವಾ ಧಾರ್ಮಿಕ ಸಂಸ್ಥೆಯ ಪ್ರಯೋಜನಕ್ಕಾಗಿ ನೀಡುವ ನಾಟಕ ಪ್ರದರ್ಶನ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಗುಡಿಯ ಮುಂದೆ ಊರ ಹುಡುಗರು ಉಚಿತವಾಗಿ ಆಡುವ ನಾಟಕ ಈ ವಿನಾಯಿತಿಯೊಳಗೆ ಬರುತ್ತದೆ. ಟಿಕೆಟ್ ಇಟ್ಟು ಆಡುವ ವೃತ್ತಿ ಕಂಪನಿಗೆ ಈ ರಕ್ಷಣೆ ಇಲ್ಲ.

ವಿನಾಯಿತಿ ಇರುವುದು ಪ್ರದರ್ಶನಕ್ಕೆ ಮಾತ್ರ ಎಂಬುದು ಇಲ್ಲಿ ಮುಖ್ಯ. ಕೃತಿಯನ್ನು ಚಿತ್ರೀಕರಿಸುವ ಹಕ್ಕು 14ನೇ ಕಲಮಿನ ಪ್ರಕಾರ ಪ್ರತ್ಯೇಕವಾದುದು. ಇಂದು ಹಳ್ಳಿ ನಾಟಕಗಳು ಇಡೀ ರಾತ್ರಿಯ ಆಟವಾಗಿ ಯೂಟ್ಯೂಬ್‌ಗೆ ಏರುತ್ತಿವೆ. ಆಟ ಉಚಿತವಾಗಿದ್ದ ಮಾತ್ರಕ್ಕೆ ಅದರ ಚಿತ್ರೀಕರಣಕ್ಕೂ ಲೇಖಕರ ಒಪ್ಪಿಗೆ ಬೇಡವೆಂದು ಭಾವಿಸುವುದು ತಪ್ಪು. ಪುಸ್ತಕದ ಮಾರಾಟದಿಂದ ಸಿಗದ ಆದಾಯಕ್ಕೆ ಹೊಸ ದಾರಿಯೊಂದು ತೆರೆಯುವುದಾದರೆ ಅದು ಇಲ್ಲಿಯೇ.

ಹಸ್ತಪ್ರತಿಯನ್ನು ‘ಮಾರಿದ’ ಲೇಖಕರಿಗೂ ಕಾಯ್ದೆಯಲ್ಲಿ ಕೆಲವು ರಕ್ಷಣೆಗಳಿವೆ. 19ನೇ ಕಲಮಿನಂತೆ ಹಕ್ಕುಗಳ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಒಪ್ಪಂದದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದು ಪರಿಗಣಿತವಾಗುತ್ತದೆ. ಬೇರೆ ರೀತಿ ಬರೆದುಕೊಂಡಿಲ್ಲವಾದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಲ್ಲಿ ಅದು ರದ್ದಾಗುತ್ತದೆ. ಹಕ್ಕು ಕೈಬಿಟ್ಟ ಮೇಲೂ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಕಲಮಿನಡಿ ಲೇಖಕರಲ್ಲಿಯೇ ಉಳಿಯುತ್ತದೆ. ಕೃತಿಸ್ವಾಮ್ಯದ ಅವಧಿ ಲೇಖಕರ ಜೀವಿತಕಾಲ ಮತ್ತು ಆ ನಂತರದ 60 ವರ್ಷ.

ಹಕ್ಕು ಉಳಿಸಿಕೊಳ್ಳುವುದರ ಮಹತ್ವಕ್ಕೆ ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವನ್ನು ನೆನೆಯಬಹುದು. ರಂಗದ ಮೇಲೆ ಜನಪ್ರಿಯವಾಗಿದ್ದ ಆ ಕೃತಿ 1974ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಯಿತು. ಎಲ್ಲ ನಾಟಕಕ್ಕೂ ಅಂತಹ ಯೋಗವಿಲ್ಲ. ಆದರೂ ಅಗ್ಗದ ಪುಸ್ತಕವಾಗಿ ಮಾರಾಟವಾಗುವ ಕಥೆಯ ಬೆಲೆ ಆ ಪುಸ್ತಕದ ಬೆಲೆಯೊಂದೇ ಅಲ್ಲ ಎಂಬುದಕ್ಕೆ ಅದು ಸಾಕ್ಷಿ.

ಪಟ್ಟಿಯಲ್ಲಿ ಒಂದು ಸಾಲು

ಹಳ್ಳಿಯ ತಂಡಗಳ ಮೇಲೆ ಶುಲ್ಕದ ಭಾರ ಹೇರಬೇಕೆಂದು ಯಾರೂ ಬಯಸಲಾರರು. ಕಾಯ್ದೆ ನೀಡಿರುವ ವಿನಾಯಿತಿ ಇಂತಹ ಬಡ ರಂಗಭೂಮಿಯನ್ನು ಬದುಕಿಸಿದೆ. ಹಣದ ಮಿತಿಯೊಳಗೇ ಮಾಡಬಹುದಾದ ಕೆಲಸಗಳಿವೆ. ಪಾತ್ರದ ಮಾತಿನ ಜೆರಾಕ್ಸ್‌ಗೆ ವೆಚ್ಚ ಮಾಡುವ ಹಣದಲ್ಲಿ ಇನ್ನೂ ನಾಲ್ಕು ಪ್ರತಿ ಕೊಳ್ಳಬಹುದು. ಪ್ರಚಾರ ಪತ್ರದಲ್ಲಿ ಪರದೆಯ ಮಾಲೀಕರ ಹೆಸರಿನೊಂದಿಗೆ ನಾಟಕಕಾರರ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬಹುದು. ಚಿತ್ರೀಕರಣಕ್ಕೆ ಮುನ್ನ ಲೇಖಕರಿಗೆ ಒಂದು ಕರೆ ಮಾಡಿ ಒಪ್ಪಿಗೆ ಪಡೆಯಬಹುದು. ಪ್ರಕಾಶಕರು ಮೊದಲ ಪುಟದ ಹಳೆಯ ಎಚ್ಚರಿಕೆಯ ಜಾಗದಲ್ಲಿ ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಸ್ಪಷ್ಟವಾಗಿ ಮುದ್ರಿಸಬಹುದು.

ಮುಂದಿನ ಜಾತ್ರೆಗೂ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಪಟ್ಟಿ ಎತ್ತುವುದು ತಪ್ಪದು. ಸೀನರಿ, ಪೇಟಿ, ತಬಲಾ, ಬಣ್ಣ, ದೀಪ ಎಂದು ಸಾಗುವ ಆ ಖರ್ಚಿನ ಪಟ್ಟಿಯಲ್ಲಿ ‘ನಾಟಕ ಬರೆದವರಿಗೆ’ ಎಂಬ ಒಂದು ಸಾಲು, ಮೊತ್ತ ಎಷ್ಟೇ ಚಿಕ್ಕದಿರಲಿ, ಸೇರಿದರೆ ಹೊಸ ನಾಟಕ ಬರೆಯುವ ಕೈಗಳು ಈ ಭಾಗದಲ್ಲಿ ಉಳಿದಾವು.