ಸೈಕಲ್ ಕೊಳ್ಳುವಾಗ ಬಣ್ಣದ ಲೆಕ್ಕ

ಸೈಕಲ್ ಅಂಗಡಿಗೆ ಬಂದವರ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಚಾಸಿಯ ಅಳತೆ, ಗಾಲಿಯ ಗಾತ್ರ, ಬ್ರೇಕಿನ ಬಗೆ, ಕ್ಯಾರಿಯರಿನ ಗಟ್ಟಿತನ ಇವೆಲ್ಲ ಅಂಗಡಿಯವರು ಹೇಳಿದ ಮೇಲೆ, ಇಲ್ಲವೇ ಕೊಂಡು ಕೆಲವು ತಿಂಗಳು ತುಳಿದ ಮೇಲೆ ಗಮನಕ್ಕೆ ಬರುವ ಸಂಗತಿಗಳು. ಬಣ್ಣ ನೋಡಿ ಸೈಕಲ್ ಕೊಳ್ಳುವುದು ಹುಡುಗಾಟಿಕೆಯೆಂದು ಹಿರಿಯರು ಗದರುವುದುಂಟು, ಬಣ್ಣ ಹಿಡಿಸದ ಸೈಕಲ್ಲನ್ನು ಮಕ್ಕಳು ಮುಟ್ಟುವುದೇ ಇಲ್ಲವೆಂದು ಮನೆಯವರು ಗೊಣಗುವುದೂ ಉಂಟು. ಎರಡೂ ಮಾತಿನಲ್ಲಿ ಹುರುಳಿರುವುದರಿಂದ, ಬಣ್ಣವು ಯಾವ ಕೆಲಸವನ್ನು ನಿಜವಾಗಿ ಮಾಡುತ್ತದೆ, ಯಾವುದನ್ನು ಮಾಡುವಂತೆ ತೋರುತ್ತದೆಯಷ್ಟೇ ಎಂಬುದನ್ನು ಬಿಡಿಸಿ ನೋಡುವುದು ಈ ಅಧ್ಯಾಯದ ಉದ್ದೇಶ. ಈ ವಿಚಾರಣೆಗೆ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನೆಲ, ಬಿಸಿಲು, ರಸ್ತೆಗಳನ್ನೇ ಹಿನ್ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

ನೆಲ ಮತ್ತು ಸವಾರಿ

ಈ ಐದು ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲು ಸೀಮೆಗೆ ಸೇರಿದವು. ಬಹುಪಾಲು ಮಸಾರಿ ಎಂದು ಕರೆಯುವ ಕೆಂಪು ನೆಲ, ನಡುನಡುವೆ ಎರೆ ಎಂದು ಕರೆಯುವ ಕಪ್ಪು ನೆಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಹೊಸದಲ್ಲ. ಹೊಲದಿಂದ ಮೇವಿನ ಹೊರೆ ತರುವವರು, ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಹಳ್ಳಿಯಿಂದ ಹೋಬಳಿಯ ಪ್ರೌಢಶಾಲೆಗೆ ತುಳಿಯುವ ಮಕ್ಕಳು ಇಲ್ಲಿನ ಮುಖ್ಯ ಸೈಕಲ್ ಸವಾರರು. ಹೊಲದ ದಾರಿಯಲ್ಲಿ ನೆಗ್ಗಿಲು ಮುಳ್ಳು, ಹಳ್ಳದ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವುದರಿಂದ ಪಂಕ್ಚರ್ ಇಲ್ಲಿ ದಿನನಿತ್ಯದ ಮಾತು. ಇಂಥ ನೆಲದಲ್ಲಿ ದಪ್ಪ ಟೈರು ಮತ್ತು ಭಾರ ತಾಳುವ ಕ್ಯಾರಿಯರು ಕೊಡುವ ಅನುಕೂಲವನ್ನು ಯಾವ ಬಣ್ಣವೂ ಕೊಡಲಾರದು ಎಂಬುದು ಮೊದಲೇ ಸ್ಪಷ್ಟವಿರಲಿ.

ಕಪ್ಪು ಸೈಕಲ್ಲಿನ ಕಾಲ

ಹಿಂದಿನ ತಲೆಮಾರಿಗೆ ಬಣ್ಣದ ಆಯ್ಕೆ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. 1949ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಆರಂಭವಾದ ಹೀರೋ ಈ ಮೂರೂ ಕಂಪನಿಗಳು ಹಳ್ಳಿಗಳಿಗೆ ಮುಟ್ಟಿಸಿದ ದೊಡ್ಡ ಗಾಲಿಯ, ಅಡ್ಡಬಾರಿನ ಸೈಕಲ್ಲು ಸಾಮಾನ್ಯವಾಗಿ ಕಪ್ಪು, ಕೆಲವೊಮ್ಮೆ ಕಡು ಹಸಿರು. ಇದು ಇಂಗ್ಲೆಂಡಿನ ಸೈಕಲ್ ಕಾರ್ಖಾನೆಗಳಿಂದ ಬಂದ ರೂಢಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೋಹಕ್ಕೆ ಬಳಿಯುತ್ತಿದ್ದ ಗಟ್ಟಿಯಾದ ಎನಾಮೆಲ್, ಅಂದರೆ ಬಳಿದ ಮೇಲೆ ಒಲೆಯಲ್ಲಿ ಕಾಯಿಸಿ ಗಟ್ಟಿಗೊಳಿಸುವ ಹೊಳಪಿನ ಲೇಪ, ಡಾಂಬರಿನ ಜಾತಿಯ ಕಪ್ಪು ವಸ್ತುವನ್ನು ಅಗಸೆ ಎಣ್ಣೆಯೊಡನೆ ಬೆರೆಸಿ ತಯಾರಾಗುತ್ತಿತ್ತು. ಅದು ಅಗ್ಗ, ಬಾಳಿಕೆ ಹೆಚ್ಚು, ತೇವವನ್ನು ಚೆನ್ನಾಗಿ ತಡೆಯುವಂಥದ್ದು. ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಮಾರಿದ್ದಕ್ಕೂ ಅಗ್ಗ ಮತ್ತು ಬಾಳಿಕೆಯೇ ಮುಖ್ಯ ಕಾರಣ. ಆದ್ದರಿಂದ ಕಪ್ಪು ಸೈಕಲ್ಲು ಗಟ್ಟಿ ಎಂಬ ನಂಬಿಕೆ ಹುಟ್ಟಿದ ಕಾಲಕ್ಕೆ ಸುಳ್ಳಾಗಿರಲಿಲ್ಲ. ಲೇಪ ಮಾಡುವ ವಿಧಾನ ಬದಲಾದ ಮೇಲೆ ಅದು ಬರೀ ನಂಬಿಕೆಯಾಗಿ ಉಳಿಯಿತು.

ಬಣ್ಣ ಬೇರೆ, ಲೇಪ ಬೇರೆ

ಸಾಮಾನ್ಯ ಸೈಕಲ್ಲಿನ ಚಾಸಿ ಉಕ್ಕಿನ ಕೊಳವೆಗಳಿಂದ ಆಗಿರುತ್ತದೆ. ಉಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ತಗಲಿದಾಗ ತುಕ್ಕು ಹಿಡಿಯುತ್ತದೆ. ಲೇಪವು ಈ ಎರಡನ್ನೂ ಲೋಹದಿಂದ ದೂರವಿಡುತ್ತದೆ. ಒಳ್ಳೆಯ ಕಾರ್ಖಾನೆಯಲ್ಲಿ ಚಾಸಿಯನ್ನು ಎಣ್ಣೆ, ಕೊಳೆಗಳಿಂದ ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ ಮೇಲ್ಮೈಯನ್ನು ಬಣ್ಣ ಹಿಡಿಯುವಂತೆ ಸಿದ್ಧಪಡಿಸಿ, ಅನಂತರ ಬಣ್ಣ ಹಾಕಿ ಕಾಯಿಸುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಪೌಡರ್ ಕೋಟಿಂಗ್ ಎಂಬ ವಿಧಾನದಲ್ಲಿ ಒಣ ಬಣ್ಣದ ಪುಡಿಗೆ ವಿದ್ಯುದಾವೇಶ ಕೊಟ್ಟು ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಒಂದೇ ಪೊರೆಯಾಗಿಸಲಾಗುತ್ತದೆ. ತುಕ್ಕನ್ನು ತಡೆಯುವುದು ಈ ತೊಳೆತ, ಅದ್ದಿಕೆ, ಕಾಯಿಸುವಿಕೆಗಳ ಗುಣಮಟ್ಟ. ಪುಡಿ ಕೆಂಪಾಗಿತ್ತೋ ನೀಲಿಯಾಗಿತ್ತೋ ಎಂಬುದಕ್ಕೆ ಇದರಲ್ಲಿ ಹೆಚ್ಚಿನ ಪಾತ್ರವಿಲ್ಲ.

ಲೇಪದ ಗುಣವನ್ನು ಅಂಗಡಿಯಲ್ಲಿಯೇ ತಕ್ಕಮಟ್ಟಿಗೆ ಪರೀಕ್ಷಿಸಬಹುದು. ಕೊಳವೆಗಳು ಒಂದಕ್ಕೊಂದು ಕೂಡುವ ಬೆಸುಗೆಯ ಸಂದುಗಳಲ್ಲಿ ಬೆರಳಾಡಿಸಿದರೆ ಬಣ್ಣ ತೆಳುವಾಗಿರುವ ಅಥವಾ ಹರಿದು ಗಂಟು ಕಟ್ಟಿರುವ ಜಾಗ ಕೈಗೆ ಸಿಗುತ್ತದೆ. ಸೈಕಲ್ಲನ್ನು ಸ್ವಲ್ಪ ಓರೆ ಮಾಡಿ ಪೆಡಲಿನ ಅಚ್ಚು ಕೂರುವ ತಳಭಾಗವನ್ನು ನೋಡಿದರೆ, ನೋಡುವವರ ಕಣ್ಣಿಗೆ ಬೀಳದ ಈ ಮೂಲೆಗೂ ಕಾರ್ಖಾನೆಯವರು ಸರಿಯಾಗಿ ಬಣ್ಣ ಹಾಕಿದ್ದಾರೆಯೇ ಎಂಬುದು ತಿಳಿಯುತ್ತದೆ. ಮಳೆಗಾಲದ ಕೆಸರು ಮೊದಲು ಮೆತ್ತುವುದು ಅಲ್ಲಿಗೇ. ಸ್ಟಿಕ್ಕರಿನ ಅಂಚು ಎದ್ದಿರುವ ಕಡೆ, ಬೀಗ ತಿಕ್ಕುವ ಕಡೆ, ಕ್ಯಾರಿಯರಿನ ಬೋಲ್ಟು ಬಿಗಿದ ಕಡೆ ತುಕ್ಕು ಬೇಗ ಕಾಣಿಸಿಕೊಳ್ಳುತ್ತದೆ. ಕಪ್ಪು ಬಣ್ಣಕ್ಕೆ ಇಲ್ಲಿ ಒಂದು ಸಣ್ಣ ಅನುಕೂಲ ಇನ್ನೂ ಉಳಿದಿದೆ: ಕಿತ್ತುಹೋದ ಜಾಗಕ್ಕೆ ಹಚ್ಚಲು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಒಂದು ಚಿಕ್ಕ ಡಬ್ಬಿ ಸಿಗುತ್ತದೆ, ಮಿಂಚುವ ಲೋಹದ ಛಾಯೆಗಳಿಗೆ ಹೊಂದುವ ಬಣ್ಣ ಸುಲಭವಾಗಿ ಸಿಗುವುದಿಲ್ಲ.

ಬಿಸಿಲು ಮತ್ತು ದೂಳು

ಸೂರ್ಯನ ನೇರಳಾತೀತ ಕಿರಣಗಳು, ಅಂದರೆ ಕಣ್ಣಿಗೆ ಕಾಣದ ಆದರೆ ವಸ್ತುವಿನ ಅಣುಗಳನ್ನು ಒಡೆಯಬಲ್ಲ ಬೆಳಕು, ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಕೆಡಿಸುವುದಿಲ್ಲ. ಕಪ್ಪು ಬಣ್ಣಕ್ಕೆ ಬಳಸುವ ಇಂಗಾಲದ ಪುಡಿ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಹೊಳೆಯುವ ಕೆಂಪು, ಗುಲಾಬಿ, ಕಿತ್ತಳೆಗಳಿಗೆ ಬಳಸುವ ಸಾವಯವ ವರ್ಣಕಗಳಲ್ಲಿ ಹಲವು ಕೆಲವೇ ಬೇಸಿಗೆಗಳಲ್ಲಿ ಮಾಸುತ್ತವೆ. ವರ್ಣಕವೆಂದರೆ ಬಣ್ಣಕ್ಕೆ ಅದರ ಛಾಯೆಯನ್ನು ಕೊಡುವ ನುಣ್ಣನೆಯ ಪುಡಿ. ಸಂಡೂರಿನ ಅದಿರಿಗೂ ಈ ಸೀಮೆಯ ಮಸಾರಿ ಮಣ್ಣಿಗೂ ಕೆಂಪು ಕೊಟ್ಟಿರುವ ಕಬ್ಬಿಣದ ಆಕ್ಸೈಡು ಕೂಡ ಒಂದು ವರ್ಣಕವೇ. ಅದು ಬಿಸಿಲಿಗೆ ಮಾಸುವುದಿಲ್ಲ, ಆದರೆ ಅದರ ಕಾವಿ ಛಾಯೆ ಮಂಕಾಗಿರುವುದರಿಂದ ಥಳಕಿನ ಸೈಕಲ್ಲಿಗೆ ಅದನ್ನು ಯಾರೂ ಬಯಸುವುದಿಲ್ಲ. ಫ್ಲೋರೆಸೆಂಟ್ ಬಣ್ಣಗಳು ನೇರಳಾತೀತ ಬೆಳಕನ್ನು ಹೀರಿ ಕಾಣುವ ಬೆಳಕಾಗಿ ಮರಳಿಸುವುದರಿಂದ ಹಗಲಿನಲ್ಲಿ ಅಸಾಧಾರಣವಾಗಿ ಹೊಳೆದರೂ, ಎಲ್ಲಕ್ಕಿಂತ ಬೇಗ ಕಳೆಗುಂದುವುದೂ ಅವೇ.

ಕಪ್ಪು ಸೈಕಲ್ಲು ಬಿಸಿಲಿಗೆ ಹೆಚ್ಚು ಕಾಯುತ್ತದೆ ಎಂಬುದು ನಿಜ, ಏಕೆಂದರೆ ಕಪ್ಪು ಮೇಲ್ಮೈ ಬೆಳಕನ್ನು ಹೆಚ್ಚು ಹೀರುತ್ತದೆ. ಆದರೆ ಈ ಕಾವು ನಿಂತ ಸೈಕಲ್ಲಿನ ಬಾರನ್ನು ಮುಟ್ಟಿದಾಗ ಅನುಭವಕ್ಕೆ ಬರುತ್ತದೆಯೇ ಹೊರತು ಓಡುವ ಸೈಕಲ್ಲಿಗೆ ಅದರಿಂದ ತೊಂದರೆಯಿಲ್ಲ. ಬಿಸಿಲಲ್ಲಿ ನಿಂತು ಟೈರು ಬಿರಿಯುವುದಕ್ಕೆ ರಬ್ಬರಿನ ಗುಣ ಕಾರಣ, ಚಾಸಿಯ ಬಣ್ಣವಲ್ಲ. ಮಧ್ಯಾಹ್ನ ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸ ಇವೆರಡಕ್ಕೂ ಸಾಕಾದ ಪರಿಹಾರ. ಇನ್ನು ದೂಳಿನ ಮಾತು: ಮಸಾರಿಯ ಕೆಂದೂಳು ಕಪ್ಪು ಮತ್ತು ಬಿಳಿಯ ಮೇಲೆ ಎದ್ದು ಕಾಣುತ್ತದೆ, ಕೆಂಪು, ಕಂದುಗಳಲ್ಲಿ ಅಡಗುತ್ತದೆ. ಆದರೆ ಈ ಅಡಗುವಿಕೆ ಪೂರ್ತಿ ಲಾಭವಲ್ಲ, ಏಕೆಂದರೆ ಕೆಂಪು ಚಾಸಿಯ ಮೇಲೆ ತುಕ್ಕಿನ ಮೊದಲ ಕಲೆಗಳೂ ಅಷ್ಟೇ ಸುಲಭವಾಗಿ ಕಣ್ಣು ತಪ್ಪಿಸುತ್ತವೆ.

ಕಣ್ಣಿಗೆ ಬೀಳುವ ಪ್ರಶ್ನೆ

ಬಣ್ಣಕ್ಕೂ ಸವಾರರ ಸುರಕ್ಷೆಗೂ ಸಂಬಂಧವಿದೆಯೇ ಎಂಬುದು ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಹರಪನಹಳ್ಳಿಯ ಕಡೆಗೆ ಹೋಗುವಂಥ ರಸ್ತೆಗಳಲ್ಲಿ ಲಾರಿ, ಬಸ್ಸುಗಳ ಪಕ್ಕದಲ್ಲೇ ಸೈಕಲ್ಲುಗಳೂ ಸಾಗುತ್ತವೆ, ಹೊಲದಿಂದ ಮರಳುವವರ ಹೊತ್ತು ಹೆಚ್ಚಾಗಿ ಮುಸ್ಸಂಜೆಯೇ ಆಗಿರುತ್ತದೆ. ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಗ್ರಾಹಕ ಕೋಶಗಳಿವೆ: ಹಗಲಿನಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು, ಮಬ್ಬಿನಲ್ಲಿ ಕೆಲಸ ಮಾಡುವ ದಂಡ ಕೋಶಗಳು. ಹಗಲಿನಲ್ಲಿ ಕಣ್ಣು ಹೆಚ್ಚು ಚುರುಕಾಗಿರುವುದು ಸುಮಾರು 555 ನ್ಯಾನೊಮೀಟರ್ ತರಂಗಾಂತರದ ಹಳದಿ ಮಿಶ್ರಿತ ಹಸಿರು ಬೆಳಕಿಗೆ. ಕತ್ತಲಾದಂತೆ ಈ ಚುರುಕು ಸುಮಾರು 507 ನ್ಯಾನೊಮೀಟರ್‌ಗೆ, ಅಂದರೆ ನೀಲಿ ಮಿಶ್ರಿತ ಹಸಿರಿನ ಕಡೆಗೆ ಸರಿಯುತ್ತದೆ. ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗಮನಿಸಿದ ಈ ಬದಲಾವಣೆಗೆ ಪುರ್ಕಿಂಜೆ ಪರಿಣಾಮ ಎಂಬ ಹೆಸರಿದೆ. ಇದರಿಂದಾಗಿ ಅಂಗಡಿಯ ಟ್ಯೂಬ್‌ಲೈಟಿನಡಿ ಕಣ್ಣು ಕುಕ್ಕುವ ಕೆಂಪು ಸೈಕಲ್ಲು ಮುಸ್ಸಂಜೆಯ ಹೊತ್ತಿಗೆ ಕಪ್ಪಾಗಿಯೇ ತೋರುತ್ತದೆ, ಹಿಂದೆ ಮಸಾರಿ ಹೊಲವಿದ್ದರೆ ಇನ್ನಷ್ಟು ಮರೆಯಾಗುತ್ತದೆ.

ಹಾಗೆಂದು ಹಳದಿ ಸೈಕಲ್ಲು ಕೊಂಡರೆ ಅಪಾಯ ಕಳೆಯಿತೆಂದು ತಿಳಿಯಬಾರದು. ಚಾಸಿಯ ಕೊಳವೆಗಳು ತೆಳು. ಹಿಂದಿನಿಂದ ಬರುವ ಚಾಲಕನಿಗೆ ಅವುಗಳಲ್ಲಿ ಕಾಣುವ ಭಾಗ ತೀರ ಕಡಿಮೆ, ಸವಾರನ ಬೆನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಡೆನ್ಮಾರ್ಕಿನಲ್ಲಿ 2012-13ರಲ್ಲಿ ಸುಮಾರು 6,800 ಸವಾರರನ್ನು ಒಳಗೊಂಡ ಪ್ರಯೋಗದಲ್ಲಿ, ಗಾಢ ಹಳದಿಯ ಜಾಕೀಟು ತೊಟ್ಟವರಿಗೆ ಗಾಯವಾಗುವಂಥ ಅಪಘಾತಗಳು ತೊಡದವರಿಗಿಂತ ಗಣನೀಯವಾಗಿ ಕಡಿಮೆಯಾದವು. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಉಡುಪಿನ ಬಣ್ಣ. ರಾತ್ರಿಯ ಹೊತ್ತು ಉಡುಪಿಗಿಂತಲೂ ರಿಫ್ಲೆಕ್ಟರ್ ಮುಖ್ಯವಾಗುತ್ತದೆ. ಇದು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲೆಡೆ ಚೆಲ್ಲದೆ ಬಂದ ದಿಕ್ಕಿಗೇ ಹಿಂದಿರುಗಿಸುವ ಫಲಕವಾದ್ದರಿಂದ ಲಾರಿಯ ಹೆಡ್‌ಲೈಟಿನ ಬೆಳಕು ನೇರವಾಗಿ ಚಾಲಕನ ಕಣ್ಣಿಗೇ ಮರಳುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು, ಪೆಡಲುಗಳಿಗೆ ಹಳದಿ ರಿಫ್ಲೆಕ್ಟರ್ ಇರುವುದು ರೂಢಿ. ಹೊಸ ಸೈಕಲ್ಲುಗಳಿಗೆ ನಿಗದಿತ ಗುಣಮಟ್ಟದ ರಿಫ್ಲೆಕ್ಟರುಗಳನ್ನು ಕೇಂದ್ರ ಸರ್ಕಾರ 2023ರ ಜನವರಿಯಿಂದ ಕಡ್ಡಾಯ ಮಾಡಿದೆ. ಮೇವಿನ ಹೊರೆ ಕಟ್ಟಿದಾಗ ಹಿಂದಿನ ರಿಫ್ಲೆಕ್ಟರ್ ಮುಚ್ಚಿಹೋಗುವುದರಿಂದ, ಹೊಲದ ಕೆಲಸಕ್ಕೆ ಸೈಕಲ್ ಬಳಸುವವರು ಮಡ್‌ಗಾರ್ಡಿನ ಕೆಳತುದಿಗೆ ಇನ್ನೊಂದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು.

ಒಂದೇ ಬಣ್ಣದ ಸಾಲು

ಬಣ್ಣದ ಆಯ್ಕೆಯೇ ಇಲ್ಲದೆ ಸೈಕಲ್ ಪಡೆದವರ ದೊಡ್ಡ ಉದಾಹರಣೆ ಕರ್ನಾಟಕದಲ್ಲೇ ಇದೆ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಸಿಗತೊಡಗಿತು. ಶಾಲೆಯ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳು ಸಾಲಾಗಿ ನಿಲ್ಲುವ ನೋಟ ಈ ತಾಲ್ಲೂಕುಗಳಿಗೂ ಪರಿಚಿತವಾಯಿತು. ಆ ಸೈಕಲ್ಲುಗಳ ಬಣ್ಣ ರಾಜಕೀಯ ಚರ್ಚೆಗೆ ವಸ್ತುವಾದದ್ದೂ ಉಂಟು. ಆದರೆ ತುಳಿಯುವ ಮಕ್ಕಳ ದೃಷ್ಟಿಯಿಂದ ಬಣ್ಣಕ್ಕಿಂತ ಅಳತೆಯ ಪ್ರಶ್ನೆ ದೊಡ್ಡದು, ಏಕೆಂದರೆ ಎಂಟನೆಯ ತರಗತಿಯಲ್ಲಿ ಮಕ್ಕಳ ಎತ್ತರದಲ್ಲಿ ಬಹಳ ವ್ಯತ್ಯಾಸವಿರುತ್ತದೆ. ಅದೇ 2006ರಲ್ಲಿ ಬಿಹಾರದಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭವಾದ ಸೈಕಲ್ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತೆಂದೂ, ಶಾಲೆ 3 ಕಿ.ಮೀ. ಅಥವಾ ಹೆಚ್ಚು ದೂರವಿದ್ದ ಹಳ್ಳಿಗಳಲ್ಲಿ ಈ ಪರಿಣಾಮ ಮುಖ್ಯವಾಗಿ ಕಂಡಿತೆಂದೂ ತೋರಿಸಿದರು. ಸೈಕಲ್ಲಿನ ನಿಜವಾದ ಬೆಲೆ ಅದು ಕಡಿಮೆ ಮಾಡುವ ದೂರದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಬಣ್ಣದ ಮಾತೇಕೆ ಬೆಳೆಯುತ್ತದೆ

ಇಷ್ಟಾದರೂ ಮನೆಯಲ್ಲಿ ಸೈಕಲ್ ಕೊಳ್ಳುವ ಮಾತು ಎದ್ದಾಗ ಹೆಚ್ಚು ಹೊತ್ತು ನಡೆಯುವುದು ಬಣ್ಣದ ಚರ್ಚೆಯೇ. ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲಿ ಇಂಥ ನಡವಳಿಕೆಯನ್ನು ವಿನೋದವಾಗಿ ವಿವರಿಸಿದ: ಒಂದು ಸಮಿತಿ ಅಪಾರ ವೆಚ್ಚದ ಅಣುಸ್ಥಾವರಕ್ಕೆ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟು, ನೌಕರರ ಸೈಕಲ್ಲು ನಿಲ್ಲಿಸುವ ಷೆಡ್ಡಿನ ಬಗ್ಗೆ ಮುಕ್ಕಾಲು ಗಂಟೆ ವಾದಿಸುತ್ತದೆ. ಸ್ಥಾವರ ಯಾರಿಗೂ ಅರ್ಥವಾಗದು, ಷೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ಸೈಕಲ್ಲಿನ ವಿಷಯದಲ್ಲೂ ಹೀಗೆಯೇ: ಫ್ರೀವೀಲು, ಬಾಲ್ಸು, ಕೋನುಗಳ ಬಗ್ಗೆ ಮಾತಾಡಲು ತಿಳಿವಳಿಕೆ ಬೇಕು, ಬಣ್ಣದ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿರುತ್ತದೆ. ಇದರ ಜೊತೆಗೆ ಬಣ್ಣವು ಬಿಡಿಯಾಗಿ ಸಿಗುವುದಿಲ್ಲ. ಇಂಥ ಮಾಡೆಲ್ಲಿಗೆ ಇಂಥ ಬಣ್ಣವೆಂದು ಕಂಪನಿಯೇ ಕಟ್ಟಿಕೊಟ್ಟಿರುತ್ತದೆ. ಹೆಣ್ಣುಮಕ್ಕಳ ಸೈಕಲ್ಲುಗಳಿಗೆ ಗುಲಾಬಿ, ನೇರಳೆಗಳನ್ನು ಮೀಸಲಿಡುವುದು ಇದಕ್ಕೆ ಉದಾಹರಣೆ. ಅಡ್ಡಬಾರು ಇಳಿದಿರುವ ಆ ಚಾಸಿ ಸೀರೆ, ಲಂಗ ಉಟ್ಟವರಿಗೆ ಮಾತ್ರವಲ್ಲದೆ ಹಿಂದೆ ಹೊರೆ ಕಟ್ಟಿ ಕಾಲು ಎತ್ತಲಾಗದವರಿಗೂ ವಯಸ್ಸಾದವರಿಗೂ ಅನುಕೂಲವಾದದ್ದು. ಬಣ್ಣ ನೋಡಿ ಅದನ್ನು ಬೇಡವೆನ್ನುವ ಗಂಡಸರು ತಮಗೆ ಒಗ್ಗುವ ಚಾಸಿಯನ್ನೇ ಬಿಟ್ಟುಕೊಡುತ್ತಾರೆ.

ಆಯ್ಕೆಯ ಕ್ರಮ

ಈ ಎಲ್ಲ ಅಂಶಗಳನ್ನು ಕೂಡಿಸಿದರೆ ಕೊಳ್ಳುವವರು ಅನುಸರಿಸಬೇಕಾದ ಕ್ರಮ ತಾನಾಗಿ ಹೊರಡುತ್ತದೆ. ಮೊದಲು ಸೈಕಲ್ಲು ಯಾವ ಕೆಲಸಕ್ಕೆ, ಎಷ್ಟು ಭಾರಕ್ಕೆ, ಎಂಥ ದಾರಿಗೆ ಎಂಬುದು ತೀರ್ಮಾನವಾಗಬೇಕು. ಎರಡನೆಯದಾಗಿ ಅಳತೆ: ಬಾರಿನ ಎರಡೂ ಪಕ್ಕ ಕಾಲಿಟ್ಟು ನಿಂತಾಗ ಪಾದಗಳು ಪೂರ್ತಿ ನೆಲ ಮುಟ್ಟಬೇಕು, ಸೀಟಿನಲ್ಲಿ ಕೂತು ಪೆಡಲನ್ನು ತೀರ ಕೆಳಗೆ ತಂದಾಗ ಮೊಣಕಾಲು ಸ್ವಲ್ಪವಷ್ಟೇ ಬಾಗಿರಬೇಕು. ಮೂರನೆಯದಾಗಿ ಟೈರು, ಬ್ರೇಕು, ಕ್ಯಾರಿಯರು ಮತ್ತು ಬಿಡಿಭಾಗಗಳು ಹತ್ತಿರದ ಊರಿನಲ್ಲಿ ಸಿಗುತ್ತವೆಯೇ ಎಂಬುದು. ನಾಲ್ಕನೆಯದಾಗಿ ಲೇಪದ ಗುಣಮಟ್ಟ ಮತ್ತು ರಿಫ್ಲೆಕ್ಟರುಗಳು. ಈ ನಾಲ್ಕೂ ಜರಡಿಗಳನ್ನು ದಾಟಿ ಉಳಿದ ಸೈಕಲ್ಲುಗಳ ನಡುವೆ ಬೆಲೆಯ ವ್ಯತ್ಯಾಸ ಸಾಮಾನ್ಯವಾಗಿ ಅಲ್ಪವಾಗಿರುವುದರಿಂದ, ಅಲ್ಲಿ ಬಣ್ಣವನ್ನು ತುಳಿಯುವವರ ಇಷ್ಟಕ್ಕೇ ಬಿಡಬೇಕು. ಮೆಚ್ಚಿದ ಸೈಕಲ್ಲನ್ನು ಜನ ಹೆಚ್ಚು ತುಳಿಯುತ್ತಾರೆ, ಒರೆಸುತ್ತಾರೆ, ಚೈನಿಗೆ ಎಣ್ಣೆ ಬಿಡುತ್ತಾರೆ, ಅದರಿಂದ ಸೈಕಲ್ಲಿನ ಆಯುಸ್ಸೂ ಹೆಚ್ಚುತ್ತದೆ. ಬಣ್ಣಕ್ಕೆ ಕೊನೆಯ ಸ್ಥಾನವೇ ಸಲ್ಲಬೇಕಾದರೂ ಆ ಸ್ಥಾನವನ್ನು ಅದಕ್ಕೆ ಪೂರ್ತಿಯಾಗಿ ಕೊಡುವುದು ವಿವೇಕ: ಅಳತೆಯನ್ನು ಹಿರಿಯರು ನಿಶ್ಚಯಿಸಲಿ, ಬಣ್ಣವನ್ನು ಶಾಲೆಗೆ ತುಳಿಯಬೇಕಾದ ಮಗುವೇ ಆರಿಸಲಿ.