ಬದಲಿ ನಟಿಯ ಸರದಿ ಬಂದಾಗ

ಒಂದೇ ನಾಟಕವನ್ನು ಹತ್ತಾರು ಸಲ ನೋಡಿದರೆ ಬೇಸರವಾಗುವುದಿಲ್ಲವೇ? ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ದ ಅಭಿಮಾನಿಗಳಿಗೆ ಈ ಪ್ರಶ್ನೆಯೇ ವಿಚಿತ್ರ. ಆಂಡ್ರ್ಯೂ ಲಾಯ್ಡ್ ವೆಬ್ಬರ್ ಸಂಗೀತದ ಈ ಗೀತನಾಟಕ 1986ರಲ್ಲಿ ಲಂಡನ್ನಿನಲ್ಲಿ ರಂಗವೇರಿತು. ನ್ಯೂಯಾರ್ಕಿನ ಬ್ರಾಡ್‌ವೇಯ ಮೆಜೆಸ್ಟಿಕ್ ಥಿಯೇಟರಿನಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು.

ಅಲ್ಲಿಗೆ ಮೊದಲ ಸಲ ಬಂದವರ ಕಣ್ಣೆಲ್ಲ ದೊಡ್ಡ ತೂಗುದೀಪದ ಮೇಲೆ. ಅದು ಪ್ರೇಕ್ಷಕರ ತಲೆಯ ಮೇಲಿಂದ ರಂಗದತ್ತ ಬೀಳುವಾಗ ಎದೆ ಝಲ್ಲೆನ್ನುತ್ತಿತ್ತು. ಮತ್ತೆ ಮತ್ತೆ ಬರುವವರು ಹುಡುಕುತ್ತಿದ್ದುದು ಕಾರ್ಯಕ್ರಮ ಪುಸ್ತಿಕೆಯೊಳಗಿನ ಪುಟ್ಟ ಚೀಟಿಯನ್ನು: ಇಂದು ಯಾರ ಬದಲಿಗೆ ಯಾರು? ಹಾಡು ಅದೇ, ಮಾತು ಅದೇ. ಆದರೆ ದನಿ ಬದಲಾದರೆ ನಾಯಕಿ ಕ್ರಿಸ್ಟೀನಳ ಅಳುಕೇ ಬೇರೆಯಾಗಿ ಕೇಳುತ್ತದೆ.

ಕತೆಯೂ ಅಂಥದ್ದೇ. ಮುಖ್ಯ ಗಾಯಕಿ ಮುನಿಸಿಕೊಂಡು ಹೊರನಡೆದಾಗ, ಮೇಳದಲ್ಲಿ ಕುಣಿಯುತ್ತಿದ್ದ ಕ್ರಿಸ್ಟೀನ್ ಹಾಡಿ ಗೆಲ್ಲುತ್ತಾಳೆ. 2021ರಲ್ಲಿ ಎಮಿಲಿ ಕುವಾಚು ತಂಡ ಸೇರಿದ್ದೂ ಮೇಳದ ಕಲಾವಿದೆಯಾಗಿ, ಬದಲಿ ಕ್ರಿಸ್ಟೀನಳಾಗಿ. ಬ್ರಾಡ್‌ವೇಯಲ್ಲಿ ಆ ಪಾತ್ರ ವಹಿಸಿದ ಮೊದಲ ಕಪ್ಪು ಕಲಾವಿದೆ ಆಕೆ.

ಬದಲಿ ಕಲಾವಿದರಿಗೆ ಕರೆ ಯಾವ ಸಂಜೆ ಬರುತ್ತದೋ ತಿಳಿಯದು. ಬಂದ ಸಂಜೆ ‘ಇನ್ನೂ ಕಲಿತಿಲ್ಲ’ ಎನ್ನುವಂತಿಲ್ಲ. ಪರೀಕ್ಷೆಯ ತಾರೀಖು ಮೊದಲೇ ಗೊತ್ತಿರುವ ವಿದ್ಯಾರ್ಥಿಗಳೇ ಅದೃಷ್ಟವಂತರಲ್ಲವೇ?