ಕೈಬಿಟ್ಟ ಸಲಹೆಗಳ ಲೆಕ್ಕಪುಸ್ತಕ

ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆದು ಯಂತ್ರಗಳೆಲ್ಲ ನಿಂತಾಗ ಕಿವಿಗೊಟ್ಟು ಕೇಳಿದರೆ, ಯಾವುದೋ ಮೂಲೆಯಿಂದ ‘ಸುಸ್ಸ್’ ಎಂಬ ಸಣ್ಣ ಸದ್ದು ಬರುತ್ತಿರುತ್ತದೆ. ಕಂಪ್ರೆಸರಿನಿಂದ ಬರುವ ಗಾಳಿಯ ಪೈಪಿನಲ್ಲಿ ಎಲ್ಲೋ ಒಂದು ಜೋಡಣೆ ಸಡಿಲಾಗಿದೆ. ದಿನವೂ ಅಲ್ಲೇ ದುಡಿಯುವವರ ಕಿವಿಗೆ ಅದು ಒಗ್ಗಿಹೋಗಿರುತ್ತದೆ. ಲೆಕ್ಕ ಹಾಕಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. 7 ಬಾರ್ ಒತ್ತಡದ ಪೈಪಿನಲ್ಲಿ 3 ಮಿಲಿಮೀಟರಿನ ಒಂದು ತೂತಿದ್ದರೆ, ಸೋರಿದ ಗಾಳಿಯನ್ನು ಮತ್ತೆ ತುಂಬಿಕೊಡಲು ಕಂಪ್ರೆಸರ್ ಸುಮಾರು 4 ಕಿಲೋವಾಟ್ ವಿದ್ಯುತ್ ತಿನ್ನುತ್ತದೆ. ಹಗಲು ರಾತ್ರಿ ಓಡುವ ಕಂಪ್ರೆಸರ್ ಆದರೆ ವರ್ಷಕ್ಕೆ ಸುಮಾರು 35,000 ಯೂನಿಟ್ ಗಾಳಿಪಾಲು. ಅದನ್ನು ನಿಲ್ಲಿಸಲು ಬೇಕಾದ್ದು ಒಂದು ಸ್ಪ್ಯಾನರ್, ಒಂದು ವಾಷರ್, ಹತ್ತು ನಿಮಿಷದ ಕೆಲಸ.

ಇಷ್ಟು ಸುಲಭದ ಉಳಿತಾಯವನ್ನೂ ಜನ ಯಾಕೆ ಮಾಡಿಕೊಳ್ಳುವುದಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದ ಕತೆ ಇದು. ಕತೆ ನಡೆದದ್ದು ಅಮೆರಿಕದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಕೂಡಿಹಾಕಿದವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಅವರ ಮೇಷ್ಟ್ರುಗಳು. ಉತ್ತರ ಕೈಗೆ ಸಿಗುವ ಹೊತ್ತಿಗೆ ಮೂರು ದಶಕ ಕಳೆದಿತ್ತು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆ ಮಾರುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ದೊಡ್ಡ ಕಂಪನಿಗಳಿಗೆ ಸ್ವಂತ ಇಂಜಿನಿಯರುಗಳಿದ್ದರು, ಅವು ಹೇಗೋ ಸುಧಾರಿಸಿಕೊಂಡವು. ಎರಕದ ಮನೆ, ಬೇಕರಿ, ಪ್ಲಾಸ್ಟಿಕ್ ಅಚ್ಚಿನ ಘಟಕ, ಮರದ ಸಾಮಾನಿನ ಕಾರ್ಖಾನೆಗಳಿಗೆ ಅಂಥವರು ಯಾರಿದ್ದರು? ಕೆಟ್ಟ ಮೋಟಾರನ್ನು ರಿಪೇರಿ ಮಾಡುವ ಒಬ್ಬ ಮೇಂಟೆನೆನ್ಸ್‌ನವನಿದ್ದರೆ ಅದೇ ಹೆಚ್ಚು. ಕೆಡದೆ ಓಡುತ್ತಿರುವ ಮೋಟಾರು ಎಷ್ಟು ಹಾಳುಮಾಡುತ್ತಿದೆ ಎಂದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ.

ಈ ಕೊರತೆಯನ್ನು ತುಂಬಲು 1976ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ಒಂದು ಯೋಜನೆ ಹೂಡಿತು. ವಿಶ್ವವಿದ್ಯಾಲಯಗಳ ಇಂಜಿನಿಯರಿಂಗ್ ವಿಭಾಗದವರು ಹತ್ತಿರದ ಸಣ್ಣ ಕಾರ್ಖಾನೆಗಳಿಗೆ ಹೋಗಿ, ಬಿಡಿಕಾಸು ಕೇಳದೆ, ಇಂಧನ ಎಲ್ಲಿ ಪೋಲಾಗುತ್ತಿದೆ ಎಂದು ತೋರಿಸಿಕೊಡಬೇಕು. ಆಗ ಆ ಕೇಂದ್ರಗಳಿಗಿದ್ದ ಹೆಸರು ‘ಎನರ್ಜಿ ಅನಾಲಿಸಿಸ್ ಅಂಡ್ ಡಯಾಗ್ನೋಸ್ಟಿಕ್ ಸೆಂಟರ್’. 1977ರಲ್ಲಿ ಇಂಧನ ಇಲಾಖೆ ಹುಟ್ಟಿದ ಮೇಲೆ ಯೋಜನೆ ಅದರ ಕೈಗೆ ಹೋಯಿತು. ತೊಂಬತ್ತರ ದಶಕದಲ್ಲಿ ತ್ಯಾಜ್ಯ ಮತ್ತು ಉತ್ಪಾದಕತೆಯ ಕೆಲಸವೂ ಸೇರಿಕೊಂಡಾಗ ಹೆಸರು ‘ಇಂಡಸ್ಟ್ರಿಯಲ್ ಅಸೆಸ್‌ಮೆಂಟ್ ಸೆಂಟರ್’ ಎಂದಾಯಿತು. ಕೊಲೊರಾಡೊ ಸ್ಟೇಟ್, ಜಾರ್ಜಿಯಾ ಟೆಕ್, ಒಕ್ಲಹೋಮ ಸ್ಟೇಟ್, ಡೇಟನ್ ಮುಂತಾದ ವಿಶ್ವವಿದ್ಯಾಲಯಗಳು ಈ ಕೆಲಸ ಮಾಡುತ್ತ ಬಂದವು.

ಕೆಲಸದ ರೀತಿ ಸರಳ. ಮೊದಲು ಕಾರ್ಖಾನೆಯ ಒಂದು ವರ್ಷದ ವಿದ್ಯುತ್ ಮತ್ತು ಗ್ಯಾಸ್ ಬಿಲ್ಲುಗಳನ್ನು ತರಿಸಿಕೊಂಡು ಓದುವುದು. ಆಮೇಲೆ ಒಂದು ದಿನ ಮೇಷ್ಟ್ರು ಮತ್ತು ವಿದ್ಯಾರ್ಥಿಗಳ ತಂಡ ಕಾರ್ಖಾನೆಯನ್ನು ಸುತ್ತುವುದು. ಬಾಯ್ಲರಿನ ಚಿಮಣಿಯಲ್ಲಿ ಹೊಗೆಯ ಶಾಖ ಎಷ್ಟು? ಆಮ್ಲಜನಕ ಎಷ್ಟು ಉಳಿದಿದೆ? ಸ್ಟೀಮ್ ಟ್ರ್ಯಾಪು ಉಗಿಯನ್ನು ಹಿಡಿಯುತ್ತಿದೆಯೋ ಬಿಡುತ್ತಿದೆಯೋ? ಬಿಸಿ ಪೈಪಿಗೆ ಹೊದಿಕೆ ಇದೆಯೆ? ಪೂರ್ತಿ ವೇಗದಲ್ಲಿ ಓಡುವ ಫ್ಯಾನಿನ ಬಾಯಿಗೆ ತಡೆಹಲಗೆ ಇಟ್ಟು ಗಾಳಿ ಕಡಿಮೆ ಮಾಡಿಕೊಂಡಿದ್ದಾರೆಯೆ? ಹಲಗೆ ತೆಗೆದು ಫ್ಯಾನಿನ ವೇಗವನ್ನೇ ಶೇ. 20ರಷ್ಟು ಇಳಿಸಿದರೆ ಅದು ಎಳೆಯುವ ವಿದ್ಯುತ್ತು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಪುಸ್ತಕದಲ್ಲಿ ಓದಿದ ಸೂತ್ರ ದುಡ್ಡಾಗುವುದನ್ನು ವಿದ್ಯಾರ್ಥಿಗಳು ಅಲ್ಲಿ ಕಣ್ಣಾರೆ ಕಾಣುತ್ತಾರೆ. ಸುಮಾರು ಎರಡು ತಿಂಗಳೊಳಗೆ ಮಾಲೀಕರ ಕೈಗೆ ವರದಿ ತಲುಪುತ್ತದೆ. ಇಂಥ ಕೆಲಸಕ್ಕೆ ಇಷ್ಟು ಖರ್ಚು, ವರ್ಷಕ್ಕೆ ಇಷ್ಟು ಉಳಿತಾಯ, ಹಾಕಿದ ಹಣ ಇಷ್ಟು ತಿಂಗಳಲ್ಲಿ ವಾಪಸು ಎಂದು ಅದರಲ್ಲಿ ಒಂದೊಂದಾಗಿ ಬರೆದಿರುತ್ತದೆ.

ಇಲ್ಲಿಗೇ ಮುಗಿದಿದ್ದರೆ ಇದು ಒಂದು ಒಳ್ಳೆಯ ಸೇವಾಕಾರ್ಯವಾಗಿ ಉಳಿಯುತ್ತಿತ್ತು, ಅಷ್ಟೆ. ಇದನ್ನು ಆವಿಷ್ಕಾರವಾಗಿಸಿದ್ದು ಮುಂದಿನ ಹೆಜ್ಜೆ. ಕೆಲವು ತಿಂಗಳು ಬಿಟ್ಟು ಕೇಂದ್ರದವರು ಕಾರ್ಖಾನೆಗೆ ಮತ್ತೆ ಫೋನ್ ಮಾಡಿ ಯಾವ ಸಲಹೆ ಜಾರಿಗೆ ಬಂತು, ಯಾವುದು ಬರಲಿಲ್ಲ, ಬರದಿದ್ದರೆ ಯಾಕೆ ಎಂದು ಕೇಳಿ ಬರೆದಿಟ್ಟರು. 1981ರಿಂದೀಚೆಗೆ ಈ ದಾಖಲೆಗಳು ಒಂದೇ ಭಂಡಾರದಲ್ಲಿ ಕೂಡುತ್ತ ಬಂದಿವೆ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ಅದನ್ನು ಜೋಪಾನ ಮಾಡಿದೆ. ಕಾರ್ಖಾನೆಯ ಹೆಸರೊಂದನ್ನು ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ನೋಡಬಹುದು. ಗೆದ್ದ ಸಲಹೆಯನ್ನು ಎಲ್ಲರೂ ಬರೆದಿಡುತ್ತಾರೆ. ಕೇಳಿಸಿಕೊಂಡವರು ಕೈಬಿಟ್ಟ ಸಲಹೆಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟದ್ದು ಇವರ ದೊಡ್ಡತನ.

ಅರ್ಥಶಾಸ್ತ್ರಜ್ಞರಿಗೆ ಹಳೆಯ ಒಗಟೊಂದಿತ್ತು. ಲಾಭ ಕಣ್ಣಿಗೆ ಕಾಣುತ್ತಿದ್ದರೂ ಉದ್ಯಮಿಗಳು ಇಂಧನ ಉಳಿಸುವ ಕೆಲಸಕ್ಕೆ ಯಾಕೆ ಹಣ ಹಾಕುವುದಿಲ್ಲ? ಮಾಹಿತಿ ಇಲ್ಲದ್ದೇ ಕಾರಣ ಎಂದು ಹಲವರು ನಂಬಿದ್ದರು. ಸೋರನ್ ಆಂಡರ್ಸನ್ ಮತ್ತು ರಿಚರ್ಡ್ ನ್ಯೂವೆಲ್ ಎಂಬ ಅರ್ಥಶಾಸ್ತ್ರಜ್ಞರು ಈ ಭಂಡಾರವನ್ನು ತೆರೆದು ನೋಡಿ 2004ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮಾಹಿತಿ ಮನೆಬಾಗಿಲಿಗೇ ಬಂದಿದ್ದರೂ ಜಾರಿಯಾದದ್ದು ಸುಮಾರು ಅರ್ಧದಷ್ಟು ಸಲಹೆಗಳು ಮಾತ್ರ. ಹಾಕಿದ ಹಣ ಒಂದೆರಡು ವರ್ಷದೊಳಗೆ ಹಿಂದಿರುಗಿ ಬರಬೇಕು, ಇಲ್ಲದಿದ್ದರೆ ಬೇಡ ಎಂಬುದು ಮಾಲೀಕರ ಮನಸ್ಸಿನ ಅಳತೆಗೋಲಾಗಿತ್ತು. ವರ್ಷಕ್ಕೆ ಶೇ. 50ರಿಂದ 100ರಷ್ಟು ಪ್ರತಿಫಲ ಬೇಕು ಎಂದಂತಾಯಿತು. ಇನ್ನೊಂದು ಸಂಗತಿಯೂ ಹೊರಬಿತ್ತು. ಮುಂದೆ ಬರುವ ಉಳಿತಾಯಕ್ಕಿಂತ ಈಗ ಬಿಚ್ಚಬೇಕಾದ ಗಂಟು ಮಾಲೀಕರ ತೀರ್ಮಾನವನ್ನು ಶೇ. 40ರಷ್ಟು ಹೆಚ್ಚು ಬಲವಾಗಿ ಎಳೆಯುತ್ತಿತ್ತು. ಹಾಗಾದರೆ ಇಂಧನದ ಬೆಲೆ ಏರಿಸಿ ಚುರುಕು ಮುಟ್ಟಿಸುವುದಕ್ಕಿಂತ ಮೊದಲ ಖರ್ಚಿಗೆ ನೆರವಾಗುವುದು ಹೆಚ್ಚು ಫಲ ಕೊಡಬಹುದು ಎಂದು ಅವರು ತರ್ಕಿಸಿದರು.

ಅದೇ ಭಂಡಾರದಿಂದ ಇನ್ನೂ ಅಚ್ಚರಿಯ ಸಂಗತಿಯನ್ನು ಹೆಕ್ಕಿ ತೆಗೆದ ಸಂಶೋಧಕರು ಸುರೇಶ್ ಮುತ್ತುಲಿಂಗಂ, ಚಾರ್ಲ್ಸ್ ಕಾರ್ಬೆಟ್, ಶ್ಲೋಮೊ ಬೆನಾರ್ಟ್ಜಿ ಮತ್ತು ಬೋಹ್ದಾನ್ ಓಪನ್‌ಹೈಮ್. ಅವರ ಮುಂದಿದ್ದದ್ದು 13,000ಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಕೊಟ್ಟ ಒಂದು ಲಕ್ಷಕ್ಕೂ ಮೀರಿದ ಸಲಹೆಗಳು. ಹಾಕಿದ ಹಣ ಸರಾಸರಿ ಒಂದು ವರ್ಷದ ಆಸುಪಾಸಿನಲ್ಲಿ ವಾಪಸು ಬರುವಂಥ ಸಲಹೆಗಳವು. ಸಲಹೆ ಎಷ್ಟು ಒಳ್ಳೆಯದು ಎಂಬುದರ ಜೊತೆಗೆ, ವರದಿಯ ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬುದೂ ಅದರ ಹಣೆಬರಹವನ್ನು ತೀರ್ಮಾನಿಸುತ್ತಿತ್ತು! ಒಳ್ಳೆಯ ಸಲಹೆಯನ್ನೇ ಮೊದಲು ಬರೆದಿರಬಹುದಲ್ಲ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಅವರಿಗೂ ಬಂತು. ಖರ್ಚು, ಉಳಿತಾಯ ಮುಂತಾದವುಗಳ ಪ್ರಭಾವವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಬೇರ್ಪಡಿಸಿ ನೋಡಿದ ಮೇಲೂ ಮೇಲಿನ ಸಾಲುಗಳ ಸಲಹೆಗಳೇ ಹೆಚ್ಚು ಜಾರಿಯಾಗಿದ್ದವು. 2013ರಲ್ಲಿ ಈ ಅಧ್ಯಯನ ಅಚ್ಚಾಯಿತು.

ಪ್ರಯೋಗಶಾಲೆಯಲ್ಲಿ ಕಾಲೇಜು ಹುಡುಗರನ್ನು ಕೂರಿಸಿ ಕೇಳಿ ಪಡೆದ ಉತ್ತರ ಇದಲ್ಲ. ಸಂಬಳ ಕೊಡಬೇಕಾದ, ಆರ್ಡರ್ ಮುಗಿಸಬೇಕಾದ, ಕೈಯ ಹಣವನ್ನೇ ಪಣಕ್ಕಿಡಬೇಕಾದ ಮನುಷ್ಯರ ನಿಜವಾದ ತೀರ್ಮಾನಗಳಿಂದ ಹೊರಟ ಸತ್ಯ. ಇದರಿಂದ ಸಲಹೆಗಾರರಿಗೆ ದಕ್ಕಿದ ಪಾಠಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಯಾವ ಕೆಲಸ ಆಗಲೇಬೇಕೋ ಅದನ್ನು ಪಟ್ಟಿಯ ತಲೆಯಲ್ಲಿ ಬರೆದರಾಯಿತು.

ಮೊದಲ ಖರ್ಚಿನ ಗೋಡೆಗೂ ಒಂದು ಬಾಗಿಲು ತೆರೆಯಿತು. ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆ ಈ ಯೋಜನೆಗೆ 55 ಕೋಟಿ ಡಾಲರ್ ತೆಗೆದಿಟ್ಟಿತು. ಅದರಲ್ಲಿ 40 ಕೋಟಿಯಷ್ಟು, ಕೊಟ್ಟ ಸಲಹೆಗಳನ್ನು ಜಾರಿಗೆ ತರಲು ಕಾರ್ಖಾನೆಗಳಿಗೆ ಅನುದಾನವಾಗಿ ಸಲ್ಲಬೇಕಾದ ಹಣ. ಹೀಗೆ ಅರ್ಧ ಶತಮಾನದ ಹಿಂದೆ ಮಾಹಿತಿ ಕೊಡುವುದಕ್ಕೆಂದು ಹುಟ್ಟಿದ ಯೋಜನೆಯಲ್ಲಿ ಮಾಲೀಕನ ಹೆಗಲಿನ ಮೊದಲ ಭಾರವನ್ನು ಹಂಚಿಕೊಳ್ಳುವ ಕೆಲಸವೂ ಸೇರಿತು.

ಸೋರುವ ಪೈಪನ್ನು ಹುಡುಕುವುದಕ್ಕೆ ಉಪಕರಣಗಳಿದ್ದವು. ಅದನ್ನು ಮುಚ್ಚದಿರುವ ಮನಸ್ಸನ್ನು ಅಳೆಯಲು ಯಾವ ಮೀಟರೂ ಇರಲಿಲ್ಲ. ಸಾವಿರಾರು ವಿದ್ಯಾರ್ಥಿಗಳು ಬೇಸರವಿಲ್ಲದೆ ಬರೆದಿಟ್ಟ ‘ಆಯಿತು’, ‘ಆಗಲಿಲ್ಲ’ ಎಂಬ ದಾಖಲೆಗಳೇ ಆ ಮೀಟರ್ ಆದವು. ಕೃಷಿಯಿರಲಿ, ಆರೋಗ್ಯವಿರಲಿ, ಕಾರ್ಖಾನೆಯಿರಲಿ, ಸಲಹೆ ಕೊಟ್ಟವರು ಮತ್ತೊಮ್ಮೆ ಹೋಗಿ ‘ಏನಾಯಿತು’ ಎಂದು ಕೇಳಬೇಕು, ‘ಮಾಡಲಿಲ್ಲ’ ಎಂಬ ಉತ್ತರವನ್ನೂ ಮುಚ್ಚಿಡದೆ ಬರೆದಿಡಬೇಕು. ಸಲಹೆ ಮುಟ್ಟಬೇಕಾದವರನ್ನು ಮುಟ್ಟುವ ದಾರಿ ಆ ಉತ್ತರದಲ್ಲೇ ಇರುತ್ತದೆ.